ಹೊಟ್ಟು

ಸದ್ದು ಹೆಂಗದ, ಅಂತ ಮೊದಲ ಕೇಳತೇನಿ.
ಒಂದೀಟು ನಾಚತಾರ. ಆಮ್ಯಾಲೆ ಬಾಯಿಲೆ ಮಾಡಿ ತೋರಸ್ತಾರ:
ಕಾಲೇಜಿನ ಮಾಸ್ತರರು ಗಂಟಲಾಗ ಕೆಮ್ಮಿ, ಕಟಕ್ ಕಟಕ್,
ಸೆಂಟ್ರಿಂಗ್ ಗುತ್ತಿಗೆದಾರ ಬಾನೆಟ್ ಕುಟ್ಟಿ,
ಒಬ್ಬ ಪೊಲೀಸಪ್ಪ ಸ್ಟೂಲಿನ ಮ್ಯಾಲೆ ಕುಂತು
ಹಲ್ಲು ಕಡದು ಕಡದು, ‘ಹಿಂಗ ರೀ, ಹಿಂಗ’.
ಟ್ಯಾಪೆಟ್ಟಿಂದು ಬ್ಯಾರೆ, ಬೆಲ್ಟಿಂದು ಬ್ಯಾರೆ.
ಸೈಲೆನ್ಸರ್ ತೂತಾದರ ಯಾರೂ ಮಾಡಿ ತೋರಸೂದ ಬ್ಯಾಡ,
ಓಣಿ ನಾಯಿನ ಹೇಳತಾವ.

ಬಂಕಾಪುರ ಚೌಕದ ಹಿಂದ, ತಗಡಿನ ನೆಳ್ಳಾಗ
ಇಪ್ಪತ್ತಾರು ವರ್ಷ ಆತು ನಾ ಇದನ್ನ ಕೇಳಾಕತ್ತಿ.

ರುಕ್ಮಾಬಾಯಿ ಬದ್ದಿ ತಂದದ್ದು ಹಾಲಬಣ್ಣದ ಓಮ್ನಿ,
ಮೂರನೇ ಕೈಯಿಂದ ನಾಕನೇ ಕೈಗೆ ಬಂದದ್ದು.
ಹಿಂದಿನ ಸೀಟು ಕಿತ್ತು ತತ್ತಿ ಟ್ರೇ ಒಟ್ಟ್ಯಾಳ,
ಕೇಶ್ವಾಪುರದಿಂದ ಉಣಕಲ್ ತನಕ ಅಂಗಡಿ ಅಂಗಡಿಗೆ.
‘ಊಂಽಽ ಅಂತದ ದಾವಲಮಾಮಾ. ಸೊಳ್ಳಿ ಅಲ್ಲ, ಶಂಖ ಅಲ್ಲ,
ಕುಕ್ಕರ್ ಸೀಟಿ ಹೊಡಿಯೂಕಿಂತ ತುಸು ಮೊದಲ ಬರತದಲ್ಲ, ಅದು.
ನನ್ನ ಸೀಟಿನ ಬುಡದಾಗ.
ತಗೊಂಡ ಮ್ಯಾಲೆ ಎರಡು ತಿಂಗಳ ಸುಮ್ಮ ಇತ್ತು.
ಈಗ ತತ್ತಿ ನಡಗತಾವ.’

ಇಷ್ಟು ಛಲೋ ಹೇಳಿದವರು ಕಡಿಮಿ.

ಎಡಗಡಿ ಸೀಟು ಎತ್ತಿದೆ. ಹುಡುಗನ್ನ ಹತ್ತಿಸಿ ಚಾಲೂ ಮಾಡಿಸಿದೆ. ನ್ಯೂಟ್ರಲ್.
ಮೊಳ ಉದ್ದದ ಸ್ಕ್ರೂಡ್ರೈವರ್, ತುದಿ ಕಬ್ಬಿಣಕ್ಕ, ಹಿಡಿ ಕಿವಿಗೆ.
ಹೆಡ್ಡು ಶಾಂತ. ವಾಟರ್ ಪಂಪು ತನ್ನ ಪಾಡಿಗೆ ತಾನು.
‘ಕ್ಲಚ್ ಒತ್ತು’ ಅಂದೆ. ಸದ್ದು ನಿಂತಿತು.
‘ಬಿಡು.’ ಬಂತು.
ಒತ್ತು. ಇಲ್ಲ. ಬಿಡು. ಅದ.
ಎಂಜಿನ್ ಪಾಪ, ಅದರದೇನೂ ತಪ್ಪಿಲ್ಲ,
ಗೇರ್ ಬಾಕ್ಸಿನ ಬೇರಿಂಗು ಅಳಾಕತ್ತದ.

ಬೆನ್ನ ಮ್ಯಾಲೆ ತೆವಳಿ ಕೆಳಗ ಹ್ವಾದೆ.
ಡ್ರೇನ್ ಬೋಲ್ಟಿನ ಕುತ್ತಿಗಿಗೆ ಸುತ್ತಿದ ದಾರ,
ಹಸರು, ನೈಲಾನು, ಎಡಕ್ಕ ಸುತ್ತಿದ್ದು.
ಎಡಗೈಯವರು ಹಂಗ ಸುತ್ತತಾರ.
ನಾ ಎಡಚ.

‘ಫಕ್ಕೀರೇಶ, ಅಗಲ ಬುಟ್ಟಿ ತಾರೋ. ಹೊಟ್ಟು ಬೀಳತದ.’

ಬಿತ್ತು. ಎಣ್ಣಿ ಅಲ್ಲ ಅದು, ಹಳಸಿದ ಅಂಬಲಿ.
ಬೆರಳಾಗ ತಿಕ್ಕಿದೆ. ಸಾಗವಾನಿ.
ಸಾ ಮಿಲ್ಲಿನವರು ಎರಡು ಹಿಡಿ ಪುಕ್ಕಟ ಕೊಟ್ಟಿದ್ದರು.
ದೀಪಾವಳಿ ಮುಂದ, ಬಿಳಿ ಬೂಟಿನ ದಲಾಲ;
ಆಗ ಇದರ ಬಣ್ಣ ನೀಲಿ.
‘ಗಿರಾಕಿ ಕೈಗೆ ಕೊಡೂತನಕ ಬಾಯಿ ಮುಚಗೊಂಡಿರಲಿ’ ಅಂದ,
ಐನೂರು ಕೊಟ್ಟ.
ಕಾರಣ ಹೇಳಬಹುದು. ತಗಡಿನ ಬಾಡಿಗಿ ಅಂತ, ಮತ್ತೊಂದು ಅಂತ.
ನಾ ಆವತ್ತ ಬಿರಿಯಾನಿ ತಿಂದೆ.

‘ಏನ ಸಿಕ್ತು ಮಾಮಾ?’
‘ಕಟಗಿ ಹೊಟ್ಟು. ಸದ್ದು ಮುಚ್ಚಾಕ ತುಂಬತಾರ.’
‘ಯಾರು?’
‘ಇರತಾರ.’
‘ಅವನ ಕೈಗೆ ಹುಳಾ ಬೀಳಲಿ’ ಅಂದಳು, ಸಿಟ್ಟಿಲ್ಲದ,
ಉದ್ರಿ ವಹಿಯಾಗ ಬರಕೊಂಡಂಗ.
ಆ ಕೈಯಾಗ ಹದಿನಾಲ್ಕರ ಪಾನಾ ಇತ್ತು. ನಟ್ಟು ಬಿಚ್ಚತಿತ್ತು.

ಬೇರಿಂಗಿನ ರೊಕ್ಕ ತಗೊಂಡೆ, ಎಣ್ಣಿದು ತಗೊಂಡೆ.
ಕೈಗೂಲಿ ಬ್ಯಾಡ ಅಂದದ್ದಕ್ಕ
ಒಂದು ಟ್ರೇ ತತ್ತಿ ಇಟ್ಟು ಹ್ವಾದಳು. ಮೂವತ್ತು.
ಒಂದೂ ಒಡದಿರಲಿಲ್ಲ.

ಸಂಜಿಮುಂದ ಹುಡುಗ ಕೇಳಿದ:
‘ಬಿಚ್ಚೂಕಿಂತ ಮೊದಲ ಹೊಟ್ಟು ಅಂದ್ಯಲ್ಲ, ಹೆಂಗ?’
‘ಕಿವಿಗೆ ತಿಳೀತದ’ ಅಂದೆ.

ಆವತ್ತಿಂದ ಅಂವ
ಬಂದ ಗಾಡಿ ಒಂದೂ ಬಿಡೂದಿಲ್ಲ.
ಸ್ಕ್ರೂಡ್ರೈವರ್ ಹಚ್ಚಿ, ಕಣ್ಣು ಮುಚ್ಚಿ, ಉಸರು ಹಿಡದು ಕುಂದರತಾನ
ಹೊಟ್ಟಿನ ಸದ್ದು ಕೇಳಾಕ.
ಊಟಕ್ಕ ಕರದರ ಕೈಸನ್ನಿ ಮಾಡತಾನ:
ತಡಿ, ತಡಿ.